ಎರಡನೆಯ ಗಾಣ

ಅರಸೀಕೆರೆಯಿಂದ ಹಾರನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೆಂಗಿನ ತೋಟಗಳು ಶುರುವಾಗುವ ಜಾಗದಲ್ಲಿ ಒಂದು ಶೀಟಿನ ಶೆಡ್ಡು ಇದೆ. ಬೋರ್ಡಿಲ್ಲ. ಬಾಗಿಲಲ್ಲಿ ನಿಂತರೆ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತದೆ, ಗೊತ್ತಿದ್ದವರಿಗೆ ಅಷ್ಟೇ ಗುರುತು. ಅದು ನಮ್ಮಕ್ಕನ ಗಾಣ. ಒಳಗೆ ಮೋಟಾರು ಹಾಕಿದ ಒಂದು ಮರದ ಗಾಣ ಗರಗರ ತಿರುಗುತ್ತಿರುತ್ತದೆ. ಅದಕ್ಕಿಂತ ದೊಡ್ಡದಾದ ಇನ್ನೊಂದು ಗಾಣ ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದು ಕೂತಿದೆ. ತಂದ ದಿನ ಪೂಜೆ ಮಾಡಿ ಹಚ್ಚಿದ ಅರಿಶಿನ ಕುಂಕುಮ ಬಿಟ್ಟರೆ ಅದಕ್ಕೆ ಬೇರೇನೂ ಅಂಟಿಲ್ಲ. ಒಂದು ತೊಟ್ಟು ಎಣ್ಣೆಯನ್ನೂ ಅದು ಕಂಡಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಆ ಟಾರ್ಪಾಲಿನ ಕಡೆಗೆ. 

ನಾನು ಬೇಲೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ನಮ್ಮ ಪಠ್ಯದಲ್ಲಿ ಭ್ರಷ್ಟಾಚಾರ ಮತ್ತು ದೇಶದ ಬೆಳವಣಿಗೆ ಎಂಬ ಅಧ್ಯಾಯವೊಂದಿತ್ತು. ಹೂಡಿಕೆ ಕುಗ್ಗುತ್ತದೆ, ಉದ್ಯೋಗ ಸೃಷ್ಟಿ ಕುಂಠಿತವಾಗುತ್ತದೆ, ಸ್ಪರ್ಧೆ ಹಾಳಾಗುತ್ತದೆ ಎಂದು ನಾನು ಹೇಳುತ್ತಾ ಹೋಗುತ್ತಿದ್ದೆ, ಮಕ್ಕಳು ಅಡಿಗೆರೆ ಎಳೆದು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಗೆ ಹೆಚ್ಚುಕಮ್ಮಿ ಪ್ರತಿ ವರ್ಷ ಬರುತ್ತಿದ್ದ ಪ್ರಶ್ನೆ ಅದು. ಚೆನ್ನಾಗಿ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡ ಕೆಲವರು ಆಮೇಲೆ ಸರ್ಕಾರಿ ನೌಕರಿಗೆ ಸೇರಿದರು. ಅವರಲ್ಲಿ ಒಬ್ಬಿಬ್ಬರು ಮೇಜಿನ ಆ ಕಡೆ ಕೂತು ನನ್ನಿಂದಲೂ ವಸೂಲಿ ಮಾಡಿದ್ದಾರೆ. ಗುರುಗಳು ಅಂತ ಸ್ವಲ್ಪ ಕಡಿಮೆ ತೆಗೆದುಕೊಂಡರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಒಂದು ಸಲ ಕೊನೆಯ ವರ್ಷದ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆವು. ದೇವಸ್ಥಾನ ನೋಡಿ ಆದ ಮೇಲೆ ಹೊರಗೆ ಮರದ ನೆರಳಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿರುವಾಗ ಒಬ್ಬಳು ಹುಡುಗಿ ನನ್ನನ್ನು ಕೇಳಿದಳು: ಲಂಚ ತೆಗೆದುಕೊಂಡ ದುಡ್ಡೂ ಇಲ್ಲೇ ಖರ್ಚಾಗುತ್ತದಲ್ಲ, ತೆಗೆದುಕೊಂಡವರು ಮನೆ ಕಟ್ಟಿಸುತ್ತಾರೆ, ಗಾರೆಯವರಿಗೆ ಕೂಲಿ ಸಿಗುತ್ತದೆ, ಅಂಗಡಿಯವರಿಗೆ ವ್ಯಾಪಾರವಾಗುತ್ತದೆ, ಹಾಗಿದ್ದ ಮೇಲೆ ದೇಶಕ್ಕೆ ಆದ ನಷ್ಟ ಯಾವುದು? ಬುದ್ಧಿವಂತ ಹುಡುಗಿ. ನಾನು ಪುಸ್ತಕದಲ್ಲಿದ್ದ ನಾಲ್ಕು ಮಾತು ಹೇಳಿದೆ. ಅವಳು ತಲೆಯಾಡಿಸಿ ಚಿತ್ರಾನ್ನ ತಿನ್ನುವುದನ್ನು ಮುಂದುವರಿಸಿದಳು. ಒಪ್ಪಲಿಲ್ಲ ಅಂತ ಮುಖದಲ್ಲೇ ಗೊತ್ತಾಯಿತು. ಅವಳಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಸಿಕ್ಕಿದ್ದು ಅಕ್ಕನ ಶೆಡ್ಡಿನಲ್ಲಿ.

ಭಾವ ರೈಲ್ವೆಯಲ್ಲಿದ್ದವರು. ಅರಸೀಕೆರೆ ಸ್ಟೇಷನ್ನಿನಲ್ಲೇ ಸರ್ವೀಸಿನ ಬಹುಪಾಲು ಕಳೆದರು. ಮಾತು ಕಡಿಮೆ, ಮೈಕಿನಲ್ಲಿ ಇಡೀ ದಿನ ಮಾತಾಡುವುದನ್ನು ಕೇಳಿ ಕೇಳಿ ಅವರಿಗೆ ಮಾತೇ ಬೇಡವಾಗಿದೆ ಅಂತ ಅಕ್ಕ ರೇಗಿಸುತ್ತಾಳೆ. ಅವರು ರಿಟೈರಾದಾಗ ಬಂದ ದುಡ್ಡಿಗೆ ಸೈಟು ತೆಗೆದುಕೊಳ್ಳಿ ಅಂತ ನೆಂಟರೆಲ್ಲ ಹೇಳಿದರು. ಅಕ್ಕ ಗಾಣ ಹಾಕುತ್ತೇನೆ ಅಂದಳು. ಅವಳಿಗೆ ಚಿಕ್ಕಂದಿನಿಂದಲೂ ಒಂದು ಸಿಟ್ಟು. ನಮ್ಮ ತಾಯಿಯ ಮನೆಯಲ್ಲಿ ಅಟ್ಟದ ತುಂಬ ಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು. ಮಂಡಿಯವರು ಹೇಳಿದ ರೇಟಿಗೆ ಅದು ಲಾರಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಆಮೇಲೆ ತಲೆಗೆ ಹಚ್ಚುವ ಎಣ್ಣೆಯನ್ನು ಬೇರೆ ರಾಜ್ಯದ ಬಾಟಲಿಯಲ್ಲಿ ನಾವೇ ಅಂಗಡಿಯಿಂದ ತರುತ್ತಿದ್ದೆವು. ನಮ್ಮ ಕೊಬ್ಬರಿಯನ್ನು ನಾವೇ ಯಾಕೆ ಹಿಂಡಬಾರದು ಅನ್ನುವುದು ಅವಳ ವಾದ. ಇಡೀ ಅಭಿವೃದ್ಧಿ ಅರ್ಥಶಾಸ್ತ್ರ ಅಷ್ಟರಲ್ಲೇ ಇದೆ, ನಾನು ಅದಕ್ಕೆ ಒಂದು ಸೆಮಿಸ್ಟರ್ ತೆಗೆದುಕೊಳ್ಳುತ್ತಿದ್ದೆ.

ಜಾವಗಲ್ಲಿನಲ್ಲಿ ಗಾಣ ಇಟ್ಟುಕೊಂಡಿದ್ದ ಪರಿಚಯದವರ ಹತ್ತಿರ ಹೋಗಿ ಅಕ್ಕ ಕೆಲಸ ಕಲಿತಳು. ಅಲ್ಲಿಯ ಪದ್ಧತಿಯನ್ನೇ ಇಲ್ಲೂ ತಂದಳು. ಹಳ್ಳಿಯವರು ತಮ್ಮ ಕೊಬ್ಬರಿ ತಾವೇ ತರುತ್ತಾರೆ. ಎಣ್ಣೆ ಅವರಿಗೆ, ಹಿಂಡಿ ಗಾಣದವರಿಗೆ. ಹಿಂಡಿ ಬಿಟ್ಟು ಹೋದರೆ ಕೂಲಿ ಕೊಡಬೇಕಾಗಿಲ್ಲ. ಆ ಹಿಂಡಿಯನ್ನು ಅಕ್ಕ ಹಸು ಸಾಕುವವರಿಗೆ ಮಾರುತ್ತಾಳೆ. ತಂದ ಹೆಂಗಸರು ಬೆಂಚಿನ ಮೇಲೆ ಕೂತು ತಮ್ಮ ಎಣ್ಣೆ ಕೊನೆಯ ತೊಟ್ಟಿನ ತನಕ ಇಳಿಯುವುದನ್ನು ನೋಡಿಯೇ ಏಳುತ್ತಾರೆ. ಅಷ್ಟು ಹೊತ್ತು ಮಾತು, ನಗು, ಮನೆಯವರ ಮೇಲೆ ದೂರು. ಆ ಬೆಂಚಿನ ಮೇಲೆ ನಾನೂ ಕೂತು ಕೇಳಿಸಿಕೊಂಡಿದ್ದೇನೆ.

ಗಾಣಕ್ಕೆ ಕರೆಂಟ್ ಬೇಕಲ್ಲ. ಯಾವ ಕಚೇರಿ ಅಂತ ಬರೆಯುವುದಿಲ್ಲ, ಓದುವವರಿಗೆ ಬಿಡಿಸಿ ಹೇಳಬೇಕಾದದ್ದೂ ಇಲ್ಲ. ಕೈ ಬಿಸಿ ಮಾಡದೆ ಅಲ್ಲಿ ಯಾವ ಕಾಗದವೂ ಅಲ್ಲಾಡುವುದಿಲ್ಲ ಅಂತ ಎಲ್ಲರೂ ಹೇಳಿ ಕಳಿಸಿದ್ದರು. ಅಕ್ಕ ಸೆರಗಿನಲ್ಲಿ ದುಡ್ಡು ಗಂಟು ಹಾಕಿಕೊಂಡೇ ಹೋಗಿದ್ದಳು. ಅಲ್ಲಿದ್ದ ಅಧಿಕಾರಿ ಅರ್ಜಿ ನೋಡಿದರು, ಒಂದು ಕಾಗದ ಕಡಿಮೆ ಇದೆ ತನ್ನಿ ಅಂದರು, ತಂದ ದಿನವೇ ಸಹಿ ಹಾಕಿದರು. ಕಾಫಿಗೂ ಎದ್ದು ಬರಲಿಲ್ಲ. ಗಂಟು ಗಂಟಾಗಿಯೇ ಮನೆಗೆ ವಾಪಸ್ಸು ಬಂತು. ಅಕ್ಕ ಅದನ್ನು ಮಾಲೇಕಲ್ಲಿನ ವೆಂಕಟರಮಣನ ಪವಾಡ ಹೇಳಿದ ಹಾಗೆ ಬೀದಿಯವರಿಗೆಲ್ಲ ಹೇಳಿದಳು. ಭಾವ ಮಾತ್ರ ಒಳ್ಳೇದಾಯ್ತು ಅಂದು ಪೇಪರು ಓದಿದರು.

ಅಲ್ಲಿಗೆ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಒಳ್ಳೆಯದು ಮಾಡಿದವರನ್ನು ಬರಿಗೈಲಿ ಬಿಡುವುದು ನಮ್ಮ ಕಡೆ ಹೆಂಗಸರಿಂದ ಆಗುವ ಕೆಲಸವಲ್ಲ. ಮನೆಗೆ ಬಂದವರು ಯಾರೇ ಆಗಲಿ, ಎಲೆ ಅಡಿಕೆಯನ್ನಾದರೂ ಕೈಗಿಟ್ಟೇ ಕಳಿಸಬೇಕು. ಗಾಣ ಶುರುವಾದಾಗ ಮೊದಲ ಎಣ್ಣೆಯನ್ನು ಅಕ್ಕ ಮಾಲೇಕಲ್ಲಿಗೆ ಒಯ್ದು, ಬೆಟ್ಟ ಹತ್ತಿ, ವೆಂಕಟರಮಣನ ದೀಪಕ್ಕೆ ಕೊಟ್ಟು ಬಂದಳು. ಎರಡನೆಯ ಡಬ್ಬವನ್ನು ಬೇರೆ ತೆಗೆದಿಟ್ಟಳು. ಅದರ ಜೊತೆ ಸ್ಟೀಲು ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಆ ಕಚೇರಿಗೆ ಹೊರಟಳು. ನನಗೆ ರಜೆ ಇತ್ತು, ಡಬ್ಬ ಹೊತ್ತುಕೊಂಡು ಹಿಂದೆ ಹೋದೆ.

ಆ ಅಧಿಕಾರಿ ನಮ್ಮನ್ನು ಕಂಡು ಎದ್ದು ನಿಂತರು. ಇದೆಲ್ಲ ಬೇಡಮ್ಮ, ನನ್ನ ಕೆಲಸ ನಾನು ಮಾಡಿದ್ದೇನೆ ಅಂದರು. ಮುಖ ಕೆಂಪಾಗಿತ್ತು. ಅಕ್ಕ ತಟ್ಟೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ತಾಂಬೂಲ ಬ್ಯಾಡ ಅನ್ನಬಾರ್ದು ಸ್ವಾಮಿ. ದೇವ್ರಿಗೆ ಕೊಟ್ಟಾದ್ಮೇಲೆ ನಿಮಗೇ ತಂದಿರೋದು" ಅಂದಳು.

ಅವರು ಸುತ್ತ ನೋಡಿದರು. ಆಮೇಲೆ ಎಲೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಡಬ್ಬ ಮೇಜಿನ ಪಕ್ಕದಲ್ಲಿ ಉಳಿಯಿತು. ನಾವಿಬ್ಬರೂ ಹೊರಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ದೋಸೆ ತಿಂದೆವು. ಅಕ್ಕ ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಆಮೇಲೆ ಹೆಚ್ಚು ಸಲ ನೋಡಿಲ್ಲ.

ಅವರಿಗೆ ವರ್ಗವಾಯಿತು. ಒಳ್ಳೆಯವರಿಗೆ ಅದು ಬೇಗ ಆಗುತ್ತದೆ. ಅವರ ಜಾಗಕ್ಕೆ ಬಂದವನು ತಾನೇ ಶೆಡ್ಡಿಗೆ ಬಂದ. ಬೆಂಚಿನ ಮೇಲೆ ಕೂತು, ಗಾಣ ಹೊಗಳಿ, ಹಿಂದಿನ ಸಾಹೇಬರಿಗೆ ಕೊಬ್ಬರಿ ಎಣ್ಣೆ ಕೊಟ್ಟಿದ್ದಿರಂತೆ ಅಂತ ನಗುತ್ತಾ ಕೇಳಿದ. ಅಕ್ಕ ಒಂದು ಡಬ್ಬ ಕೊಟ್ಟಳು. ಹಬ್ಬದ ಇನಾಮಿಗೆ ಕರೆಂಟ್ ಕಂಬ ಹತ್ತುವವರು ಬಂದರು. ಆಮೇಲೆ ಲೈಸೆನ್ಸಿನ ಕಚೇರಿಯವರು, ತಕ್ಕಡಿಗೆ ಮುದ್ರೆ ಒತ್ತುವವರು, ಎಣ್ಣೆಯ ಶುದ್ಧಿ ನೋಡುವವರು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಕಚೇರಿಗಳು. ಊರಾಚೆ ಇರುವ ಈ ಶೆಡ್ಡು ಇವರಿಗೆಲ್ಲ ಹೇಗೆ ಗೊತ್ತಾಯಿತು ಅಂತ ಅಕ್ಕ ಆಗಾಗ ಕೇಳುತ್ತಿದ್ದಳು. ಇಂಥದ್ದು ಗಾಳಿಯಲ್ಲೇ ಗೊತ್ತಾಗುತ್ತದೆ ಅಂತ ನಾನು ಹೇಳುತ್ತಿದ್ದೆ.

ಮೊದಲು ಡಬ್ಬಗಳು ಹೋದವು. ಅವರ ಮನೆಗೆ, ಅವರ ಬೀಗರ ಮನೆಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ. ಕಡೆಗೊಬ್ಬ ಬಾಯಿ ಬಿಟ್ಟೇ ಹೇಳಿದ, ಮನೆಯಲ್ಲಿ ಎಣ್ಣೆ ಜಾಸ್ತಿಯಾಗಿದೆ, ಇನ್ನು ಬೇರೆ ಥರ ನೋಡಿಕೊಳ್ಳಿ ಅಂತ. ಅಲ್ಲಿಂದ ಕವರು ಶುರುವಾಯಿತು. ಮರ್ಯಾದೆ ಅಂತ ಕೊಟ್ಟದ್ದಕ್ಕೆ ಮಾಮೂಲು ಅನ್ನುವ ಹೆಸರು ಬಂತು. ಮರ್ಯಾದೆಯನ್ನು ನಾವು ಮನಸ್ಸು ಬಂದಾಗ ಕೊಡುತ್ತೇವೆ. ಮಾಮೂಲನ್ನು ತಪ್ಪಿಸಿದರೆ ಕೇಳಲು ಬರುತ್ತಾರೆ.

ಒಂದು ಮಾಗಿಯಲ್ಲಿ ನಾನು ಅಲ್ಲಿದ್ದಾಗಲೇ ಶುದ್ಧಿ ನೋಡುವವನು ಬಂದ. ಚಳಿಗೆ ಡ್ರಮ್ಮಿನಲ್ಲಿದ್ದ ಎಣ್ಣೆಯೆಲ್ಲ ಬೆಳ್ಳಗೆ ಗಟ್ಟಿಯಾಗಿತ್ತು. ಅವನು ಬೆರಳಿನಲ್ಲಿ ಮುಟ್ಟಿ, ಇದರಲ್ಲಿ ಡಾಲ್ಡಾ ಬೆರೆಸಿದ್ದೀರಿ ಅಂದ. ಅಕ್ಕ ಸುಮ್ಮನೆ ಸ್ಟೌ ಹಚ್ಚಿ ಒಂದು ಲೋಟದಷ್ಟು ಎಣ್ಣೆಯನ್ನು ಅವನೆದುರೇ ಕರಗಿಸಿ ತೋರಿಸಿದಳು. ತಿಳಿನೀರಿನ ಹಾಗೆ ಆಯಿತು. ಅವನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

"ಕೊಬ್ರಿ ಎಣ್ಣೆ ಚಳಿಗೆ ಗಟ್ಟಿಯಾಗ್ತದೆ ಅಂತ ನಂಗೂ ಗೊತ್ತೈತಮ್ಮ. ಆದ್ರೆ ರಿಪೋರ್ಟ್ ಬರೆಯೋನು ನಾನಲ್ವಾ" ಅಂದ.

ಊರಿನ ಆ ತುದಿಯಲ್ಲಿ ಒಂದು ದೊಡ್ಡ ಮಿಲ್ಲಿದೆ. ಅಲ್ಲಿ ಕೊಬ್ಬರಿ ಎಣ್ಣೆಗೆ ತಾಳೆ ಎಣ್ಣೆ ಬೆರೆಸುತ್ತಾರೆ ಅನ್ನುವುದು ಸೌದೆ ಹಾಕುವವನಿಗೂ ಗೊತ್ತು. ಅದರ ಗೋಡೆಯ ಮೇಲೆ ಶುದ್ಧಿಯ ಸರ್ಟಿಫಿಕೇಟುಗಳಿಗೆ ಗಾಜು ಹಾಕಿಸಿ ನೇತುಹಾಕಿದ್ದಾರೆ. ಯೋಚನೆ ಮಾಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಗ್ಗದ ಎಣ್ಣೆ ಬೆರೆಸುವವನಿಗೆ ಕವರು ಕೊಡುವಷ್ಟು ಲಾಭ ಉಳಿಯುತ್ತದೆ. ಒಳ್ಳೆಯ ಕೊಬ್ಬರಿ ಹಾಕುವವಳಿಗೆ ಉಳಿಯುವುದಿಲ್ಲ. ಹೀಗಾಗಿ ಶುದ್ಧವಾಗಿದ್ದವರು ಅಂಗಡಿ ಮುಚ್ಚುತ್ತಾರೆ ಇಲ್ಲವೇ ಬೆರೆಸಲು ಕಲಿಯುತ್ತಾರೆ. ಊರಿನವರು ಮಾತ್ರ ಈಚೆಗೆ ಎಣ್ಣೆಯಲ್ಲಿ ಸತ್ವವೇ ಇಲ್ಲ ಅಂತ ಕಾಲವನ್ನು ಬೈಯುತ್ತಾರೆ. ಅಕ್ಕ ಬೆರೆಸಲಿಲ್ಲ. ಅವಳಿಗೆ ಆ ಹಟ ನಮ್ಮಮ್ಮನಿಂದ ಬಂದದ್ದು.

ಇಷ್ಟೆಲ್ಲದರ ನಡುವೆಯೂ ಗಾಣ ನಡೆಯಿತು, ಚೆನ್ನಾಗಿಯೇ ನಡೆಯಿತು. ಬೇಲೂರು ಹಳೇಬೀಡಿಗೆ ಬರುವ ಯಾತ್ರಿಕರ ಕಾರುಗಳು ಆ ರಸ್ತೆಯಲ್ಲಿ ಹೋಗುತ್ತವೆ. ಬೋರ್ಡು ನೋಡಿ ಕೆಲವರು ನಿಲ್ಲಿಸುತ್ತಿದ್ದರು. ಆಗ ಬೋರ್ಡಿತ್ತು, ಹಳದಿ ಮೇಲೆ ಕೆಂಪು ಅಕ್ಷರ, ನಾನೇ ಬರೆಸಿಕೊಟ್ಟದ್ದು. ಹಾಗೆ ನಿಲ್ಲಿಸಿದ ಒಬ್ಬರು ಬೆಂಗಳೂರಿನಲ್ಲಿ ದಿನಸಿ ಅಂಗಡಿಗಳನ್ನು ಇಟ್ಟುಕೊಂಡವರು. ಎಣ್ಣೆಯನ್ನು ಅಂಗೈಗೆ ಹಾಕಿಸಿಕೊಂಡು ಮೂಸಿ ನೋಡಿ, ಬಾಯಿಗೂ ಹಾಕಿಕೊಂಡು ನೋಡಿ, ಪ್ರತಿ ತಿಂಗಳೂ ಇಷ್ಟು ಬೇಕು ಅಂದರು. ಅಕ್ಕನ ಗಾಣ ಹಗಲೆಲ್ಲ ತಿರುಗಿದರೂ ಆಗದಷ್ಟು ಕೇಳಿದ್ದರು. ಲೇಬಲ್ಲು ಬೇಕು, ಬಿಲ್ಲು ಬೇಕು, ಎಲ್ಲವೂ ಕಾನೂನಿನ ಪ್ರಕಾರ ಇರಬೇಕು ಅನ್ನುವುದು ಅವರ ಷರತ್ತು. ಅಕ್ಕನಿಗೂ ಅದೇ ಬೇಕಾಗಿತ್ತು.

ಎರಡನೆಯ ಗಾಣ ಬಂದದ್ದು ಆಗ. ಭಾವ ತಮ್ಮ ಹತ್ತಿರ ಉಳಿದಿದ್ದನ್ನು ಮಾತಿಲ್ಲದೆ ತೆಗೆದುಕೊಟ್ಟರು. ಬೀದಿಯ ನಾಲ್ಕೈದು ಹೆಂಗಸರಿಗೆ ಅಕ್ಕ ಕೆಲಸದ ಮಾತು ಕೊಟ್ಟಳು. ಅವರಲ್ಲಿ ಪಕ್ಕದ ಮನೆಯ ಸೊಸೆಯೊಬ್ಬಳು. ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಬೆಳಕು ಹರಿಯುವ ಮೊದಲೇ ವ್ಯಾನು ಬಂದು ಹಾರ್ನು ಹೊಡೆಯುತ್ತದೆ, ವಾಪಸ್ಸು ಬರುವ ಹೊತ್ತಿಗೆ ಮಗಳು ನಿದ್ದೆ ಹೋಗಿರುತ್ತಾಳೆ. ಭಾನುವಾರ ಮಾತ್ರ ಮಗಳ ಜೊತೆ ಮಾತು. ಅಕ್ಕನ ಮಾತು ನಂಬಿ ಅವಳು ಗಾರ್ಮೆಂಟ್ಸ್ ಬಿಟ್ಟು ಗಾಣಕ್ಕೆ ಬಂದಳು. ಕೊಬ್ಬರಿ ಆರಿಸುವುದು, ಎಣ್ಣೆ ತಿಳಿಯಾಗಲು ಬಿಡುವುದು, ಗಸಿ ಕಲಕದ ಹಾಗೆ ಮೇಲಿನದನ್ನಷ್ಟೇ ಬಾಟಲಿಗೆ ತುಂಬುವುದು, ಎಲ್ಲವನ್ನೂ ಬೇಗ ಕಲಿತಳು. ಮಧ್ಯಾಹ್ನ ಮನೆಗೆ ಹೋಗಿ ಮಗಳಿಗೆ ಊಟ ಹಾಕಿ ಬರುತ್ತಿದ್ದಳು. ಅವಳ ಮುಖದಲ್ಲಿ ಬಣ್ಣ ಬಂದಿತ್ತು. ಅಕ್ಕನನ್ನು ದೊಡ್ಡಮ್ಮ ಅನ್ನುತ್ತಿದ್ದಳು.

ದೊಡ್ಡ ಗಾಣಕ್ಕೆ ಹೆಚ್ಚು ಕರೆಂಟ್ ಬೇಕು. ಅಕ್ಕ ಅರ್ಜಿ ಹಾಕಿದಳು. ಆ ಕುರ್ಚಿಯಲ್ಲಿ ಆಗ ಇದ್ದವನು ಕೇಳಿದ ಮೊತ್ತವನ್ನು ಅಕ್ಕ ನನಗೆ ಹೇಳಲೇ ಇಲ್ಲ. ಅದು ದುಡಿದು ತುಂಬಬಹುದಾದದ್ದು, ಅದಕ್ಕೆ ನಾನು ಹೆದರಲಿಲ್ಲ ಅಂದಳು. ಅವಳು ಹೆದರಿದ್ದು ಅವನು ಕೊನೆಗೆ ಹೇಳಿದ ಮಾತಿಗೆ.

"ಎರಡು ಗಾಣ ಅಂದ್ರೆ ಇನ್ನು ಫ್ಯಾಕ್ಟರಿ ಕಣಮ್ಮ. ಫ್ಯಾಕ್ಟರಿ ರೇಟೇ ಬೇರೆ. ನಂದೊಬ್ಬಂದೇ ಅಲ್ಲ, ಎಲ್ಲಾರ್ದೂ."

ಅಂದರೆ ಬಂದುಹೋಗುವವರೆಲ್ಲ ಮತ್ತೊಂದು ಸುತ್ತು ಬರುತ್ತಾರೆ, ಹೊಸ ರೇಟಿನಲ್ಲಿ. ಇಷ್ಟು ದಿನ ಕಾಣದಿದ್ದವರೂ ಬರುತ್ತಾರೆ. ಕೆಲಸದವರು ಇಷ್ಟಾದರೆ ಒಂದು ಕಚೇರಿ, ವ್ಯಾಪಾರ ಅಷ್ಟಾದರೆ ಇನ್ನೊಂದು. ಬೆಳೆದಷ್ಟೂ ಕಣ್ಣಿಗೆ ಬೀಳುತ್ತೇವೆ, ಕಣ್ಣಿಗೆ ಬಿದ್ದಷ್ಟೂ ತೆರಬೇಕು. ಅಕ್ಕನಿಗೆ ಇದು ಅರ್ಥವಾಗಲು ಯಾವ ಅಧ್ಯಾಯವೂ ಬೇಕಾಗಲಿಲ್ಲ.

ಸುದ್ದಿ ತಿಳಿದು ನಾನು ಬೇಲೂರಿನಿಂದ ಓಡಿಬಂದೆ. ದೂರು ಕೊಡು, ಹಿಡಿಸಿಕೊಡು, ನಾನು ಬರೆದುಕೊಡುತ್ತೇನೆ ಅಂತ ಹಾರಾಡಿದೆ. ಅಕ್ಕ ಕೊಬ್ಬರಿ ಕತ್ತರಿಸುತ್ತಾ ಕೇಳಿಸಿಕೊಂಡಳು. ನನ್ನ ಕೂಗಾಟ ಮುಗಿದ ಮೇಲೆ ತಲೆ ಎತ್ತಿದಳು.

"ಆಯ್ತು, ಹಿಡಿಸಿಕೊಡ್ತೀನಿ. ಮಾರನೇ ದಿನ ಲೈನು ಕೆಟ್ಟೈತೆ ಅಂತ ಕರೆಂಟ್ ತೆಗೀತಾರೆ. ಆವಾಗ ನಿನ್ನ ಪುಸ್ತಕ ತಿರುಗಿಸ್ತೈತೇನೋ ಗಾಣಾನ?"

ನಾನು ಊಟ ಮಾಡದೆ ಎದ್ದು ಬಂದೆ. ಹಳೇಬೀಡಿನ ಬಸ್ಸು ಹತ್ತಿ ಜಾವಗಲ್ ದಾಟುವ ತನಕ ಒಳಗೊಳಗೇ ಅವಳಿಗೆ ಬೈದೆ. ಹೇಡಿ ಅಂದುಕೊಂಡೆ. ಜಾವಗಲ್ ದಾಟಿದ ಮೇಲೆ ಬೈಯಲು ಮಾತು ಮುಗಿದಿತ್ತು. ಹೇಡಿತನ ಅವಳದಲ್ಲ. ಕೈ ಚಾಚುವವನಿಗೆ ಭಯವಿಲ್ಲದೆ, ಕೆಲಸ ಮಾಡುವವಳಿಗೆ ಭಯ ಇರುವ ಹಾಗೆ ಮಾಡಿಟ್ಟಿದ್ದೇವಲ್ಲ, ಅದನ್ನು ಏನಂತ ಕರೆಯಬೇಕೋ ನನಗೆ ಈಗಲೂ ತಿಳಿಯದು.

ಮುಂದಿನ ಸಲ ನಾನು ಹೋದಾಗ ಬೋರ್ಡು ಇರಲಿಲ್ಲ. ಶೆಡ್ಡಿನ ಹಿಂದೆ ನೀರಿನ ತೊಟ್ಟಿಯ ಮೇಲೆ, ಸೊಳ್ಳೆ ಕೂರದಿರಲಿ ಅಂತ ಅದನ್ನು ಮಗುಚಿ ಮುಚ್ಚಿದ್ದರು. ದೊಡ್ಡ ಗಾಣದ ಮೇಲೆ ಟಾರ್ಪಾಲು ಬಿದ್ದಿತ್ತು. ಬೆಂಗಳೂರಿನವರಿಗೆ ಆಗುವುದಿಲ್ಲ ಅಂತ ಫೋನು ಮಾಡಿ ಹೇಳಿದಳಂತೆ. ಅವರು ಒಂದೆರಡು ಸಲ ಕೇಳಿ, ಬೇಸರಪಟ್ಟುಕೊಂಡು, ಆ ತುದಿಯ ಮಿಲ್ಲಿನವರ ಹತ್ತಿರ ಮಾತಾಡಿಕೊಂಡರಂತೆ. ಅಲ್ಲಿ ಸರ್ಟಿಫಿಕೇಟುಗಳು ಪಕ್ಕಾ ಇದ್ದವಲ್ಲ. ಈಗ ಬೆಂಗಳೂರಿನ ಜನ ಹಳ್ಳಿಯ ಮರದ ಗಾಣದ ಎಣ್ಣೆ ಅಂತ ಹೆಚ್ಚಿನ ದುಡ್ಡು ಕೊಟ್ಟು ತಾಳೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ.

ಹೆಂಗಸರಿಗೆ ಹೇಳುವುದೇ ಅಕ್ಕನಿಗೆ ಕಷ್ಟವಾಯಿತು. ಉಳಿದವರು ಗೊಣಗಿಕೊಂಡು ಹೋದರು. ಪಕ್ಕದ ಮನೆಯ ಸೊಸೆ ಸಾಯಂಕಾಲದ ತನಕ ಇದ್ದು ಬಾಟಲಿಗಳನ್ನು ತೊಳೆದು ಬಿಸಿಲಿಗೆ ಕವುಚಿಟ್ಟು ಹೋದಳು. ಆ ವಾರದಲ್ಲೇ ಬೆಳಗಿನ ಜಾವ ಮತ್ತೆ ವ್ಯಾನಿನ ಹಾರ್ನು ಕೇಳಿಸಿತಂತೆ. ಬಿಟ್ಟು ಹೋದವಳು ಅಂತ ಗಾರ್ಮೆಂಟ್ಸಿನವರು ಅವಳನ್ನು ಹೊಸಬರ ಸಂಬಳಕ್ಕೇ ಸೇರಿಸಿಕೊಂಡರು. ಆ ಹಾರ್ನು ಕೇಳಿದಾಗಲೆಲ್ಲ ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಡುತ್ತಾಳೆ ಅಂತ ಭಾವ ಒಮ್ಮೆ ಹೇಳಿದರು. ಭಾವ ಅಷ್ಟು ಮಾತಾಡಿದ್ದೇ ಹೆಚ್ಚು.

ಹಳೇಬೀಡಿನ ಮರದ ನೆರಳಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ. ಸಿಕ್ಕಿದರೆ ಅವಳನ್ನು ಈ ಶೆಡ್ಡಿಗೆ ಕರೆತಂದು ಟಾರ್ಪಾಲು ಎತ್ತಿ ತೋರಿಸಬೇಕು. ಲಂಚವಾಗಿ ಹೋದ ದುಡ್ಡು ಎಲ್ಲೋ ಒಂದು ಮನೆಯ ಗಾರೆಯಾಗಿದೆ, ನಿಜ. ಆದರೆ ಈ ಗಾಣ ಹಿಂಡದೇ ಹೋದ ಎಣ್ಣೆಯನ್ನು ಯಾರೂ ಎಲ್ಲೂ ಖರ್ಚು ಮಾಡಲಿಲ್ಲ, ಯಾಕೆಂದರೆ ಅದು ಹುಟ್ಟಲೇ ಇಲ್ಲ. ಬೀದಿಯ ಹೆಂಗಸರ ಸಂಬಳ ಹುಟ್ಟಲಿಲ್ಲ. ಒಬ್ಬಳು ತಾಯಿ ಮಗಳಿಗೆ ಹಾಕಬಹುದಾಗಿದ್ದ ಮಧ್ಯಾಹ್ನದ ಊಟ ಹುಟ್ಟಲಿಲ್ಲ. ದೇಶದ ಲೆಕ್ಕ ಬರೆಯುವವರು ಆದದ್ದನ್ನು ಬರೆಯುತ್ತಾರೆ, ಆಗದೇ ಹೋದದ್ದಕ್ಕೆ ಅಲ್ಲಿ ಕಾಲಮ್ಮಿಲ್ಲ. ನಮ್ಮ ಕೊಬ್ಬರಿ ಈಗಲೂ ಲಾರಿ ಹತ್ತಿ ಹೋಗುತ್ತದೆ. ಎಣ್ಣೆ ಈಗಲೂ ಬಾಟಲಿಯಲ್ಲಿ ವಾಪಸ್ಸು ಬರುತ್ತದೆ. ನಮ್ಮ ಊರು ಯಾಕೆ ಮುಂದೆ ಬರಲಿಲ್ಲ ಅಂತ ಸಭೆಗಳಲ್ಲಿ ಭಾಷಣ ಮಾಡುವವರ ಮನೆಯಲ್ಲೂ ಅಕ್ಕನ ಎಣ್ಣೆ ಡಬ್ಬಗಳಿದ್ದಾವು.

ಈಚೆಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಒಂದು ಮಧ್ಯಾಹ್ನ ನಾನು ಅಕ್ಕನ ಶೆಡ್ಡಿನಲ್ಲಿದ್ದಾಗ ವಯಸ್ಸಾದವರೊಬ್ಬರು ಟಿವಿಎಸ್ಸಿನ ಹಿಂದೆ ಕೊಬ್ಬರಿ ಚೀಲ ಕಟ್ಟಿಕೊಂಡು ಬಂದರು. ಹೆಲ್ಮೆಟ್ ತೆಗೆದ ಮೇಲೂ ನನಗೆ ಗುರುತು ಹತ್ತಲಿಲ್ಲ. ಅಕ್ಕನಿಗೆ ತಕ್ಷಣ ಹತ್ತಿತು. ಮೊದಲು ಸಹಿ ಹಾಕಿಕೊಟ್ಟಿದ್ದ ಅಧಿಕಾರಿ. ರಿಟೈರಾಗಿ ಜಾವಗಲ್ ಹತ್ತಿರದ ತಮ್ಮ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದಾರಂತೆ. ಬೋರ್ಡಿಲ್ಲದೆ ಹುಡುಕುವುದು ಕಷ್ಟವಾಯಿತು ಅಂದರು. ಅಕ್ಕ ಸರದಿಯಲ್ಲಿದ್ದ ಹೆಂಗಸರನ್ನು ಕೇಳಿಕೊಂಡು ಅವರ ಕೊಬ್ಬರಿಯನ್ನೇ ಮೊದಲು ಗಾಣಕ್ಕೆ ಹಾಕಿದಳು. ಮಜ್ಜಿಗೆ ತಂದುಕೊಟ್ಟಳು. ಒಳಗೆ ಹೋಗಿ ಅದೇ ಸ್ಟೀಲು ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿ ತಂದು, ಹೊರಡುವಾಗ ಕೊಡಲು ಅಂತ ಕಿಟಕಿಯ ಮೇಲಿಟ್ಟಳು.

ಅವರು ಬೆಂಚಿನ ಮೇಲೆ ಕೂತು ಟಾರ್ಪಾಲಿನ ಕಡೆ ನೋಡಿ ಅದೇನು ಅಂತ ಕೇಳಿದರು. ಇನ್ನೊಂದು ಗಾಣ, ಅಷ್ಟು ಕೆಲಸ ಇಲ್ಲ ಅಂತ ಅಕ್ಕ ಹೇಳಿದಳು. ಅವರು ಅಷ್ಟಕ್ಕೆ ಬಿಟ್ಟು ಹಳೆಯ ದಿನಗಳನ್ನು ನೆನೆದರು. ನೀವು ಆವತ್ತು ತಂದ ಎಣ್ಣೆಯನ್ನು ನಾನು ಮರೆತಿಲ್ಲ ಅಂದರು. ತಾಂಬೂಲ ಬೇಡ ಅನ್ನುವಂತಿರಲಿಲ್ಲ, ಮನೆಗೆ ಒಯ್ಯಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಡಬ್ಬವನ್ನು ಕಚೇರಿಯ ಮೇಜಿನ ಮೇಲೆ ಇಟ್ಟು ಎಲ್ಲರಿಗೂ ಬಾಟಲಿ ತನ್ನಿ ಅಂದರಂತೆ. ಆ ದಿನ ಏನೋ ಮೀಟಿಂಗಿಗೆ ಅಂತ ಬೇರೆ ಬೇರೆ ಕಚೇರಿಯವರೂ ಬಂದಿದ್ದರಂತೆ. ಅವರಿಗೂ ಹಂಚಿದರಂತೆ. ತಾವು ಒಂದು ತೊಟ್ಟೂ ಇಟ್ಟುಕೊಳ್ಳಲಿಲ್ಲವಂತೆ. ಹೇಳುವಾಗ ಅವರ ಮುಖ ಅರಳಿತ್ತು.

"ಇಂಥಾ ಎಣ್ಣೆ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳಿದ್ರಮ್ಮ. ನಾನೇ ದಾರಿ ಹೇಳಿ ಕಳಿಸ್ದೆ. ನಿಮಗೂ ನಾಲ್ಕು ಜನ ಗಿರಾಕಿ ಆಗ್ಲಿ ಅಂತ."

ಅಕ್ಕ ಗಾಣದೊಳಗಿನ ಕೊಬ್ಬರಿಯನ್ನು ಕೋಲಿನಿಂದ ತಳ್ಳುತ್ತಿದ್ದಳು. ಕೈ ನಿಂತಿತು. ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಬಂದ ಗಿರಾಕಿಗಳು ಯಾರು, ಏನು ಕೊಂಡರು, ಟಾರ್ಪಾಲು ಯಾಕೆ ಬಿತ್ತು, ಎಲ್ಲ. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ. ಅವಳು ಮತ್ತೆ ಕೋಲು ಆಡಿಸಿದಳು.

ಎಣ್ಣೆ ಇಳಿದು ಮುಗಿಯಿತು. ಅವರು ಕೂಲಿ ಎಷ್ಟು ಅಂತ ಜೇಬಿಗೆ ಕೈ ಹಾಕಿದರು. ಹಿಂಡಿ ಬಿಟ್ಟು ಹೋಗಿ ಸಾಕು, ಎಲ್ಲರಿಗೂ ಅದೇ ಪದ್ಧತಿ ಅಂತ ಅಕ್ಕ ಹೇಳಿದಳು. ಡಬ್ಬ ಕಟ್ಟಿಕೊಂಡು, ಬರ್ತೀನಮ್ಮ ಅಂತ ಕೈ ಮುಗಿದು ಅವರು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಕಿಟಕಿಯ ಮೇಲಿದ್ದ ತಟ್ಟೆ ಅವರಿಗೂ ಕಾಣಿಸುತ್ತಿತ್ತು. ಅಕ್ಕ ಕೈ ಮುಗಿದಳು. ತಟ್ಟೆಯನ್ನು ಮುಟ್ಟಲಿಲ್ಲ. ಟಿವಿಎಸ್ಸು ರಸ್ತೆಗೆ ಇಳಿದು ತೋಟಗಳ ಆಚೆ ಹೋಯಿತು.

ಹಿರಿಯರನ್ನು ಬರಿಗೈಲಿ ಕಳಿಸಿದೆಯಲ್ಲ ಅಂತ ನಾನು ಕೇಳಬಾರದಾಗಿತ್ತು, ಕೇಳಿಬಿಟ್ಟೆ. ಅಕ್ಕ ಬೆಂಚಿನ ಮೇಲೆ ಕೂತಳು. 

"ಆವತ್ತು ಅವ್ರು ಕೇಳಿದ್ದಿದ್ರೆ ನಾನು ಆ ಎಣ್ಣೆ ಡಬ್ಬ ಕೊಡ್ತಿರ್ಲಿಲ್ಲ ಕಣೋ. ಕೇಳ್ಲಿಲ್ಲ ಅಂತ ಕೊಟ್ಟೆ" ಅಂದಳು.

ಆಮೇಲೆ ಎದ್ದು ತಟ್ಟೆಯಲ್ಲಿದ್ದ ಎಲೆ ಅಡಿಕೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸರದಿಯಲ್ಲಿದ್ದ ಹೆಂಗಸು ತನ್ನ ಕೊಬ್ಬರಿ ಚೀಲವನ್ನು ಗಾಣದ ಹತ್ತಿರಕ್ಕೆ ಎಳೆದಳು.